ಎಕ್ಸೆಲ್‌ನಲ್ಲಿ ಒಂದೇ ದರದ ಲಾಟ್‌ಗಳು: ಲಾರ್ಜ್ ಸರಿ ಇದೆ, ಮ್ಯಾಚ್ ಮೊದಲನೆಯದನ್ನೇ ತೋರಿಸುತ್ತಿದೆ

ಡಬ್ಬಿ_ಕಡ್ಡಿ, ಬ್ಯಾಡಗಿ

ನಮಸ್ಕಾರ್ರೀ ಎಲ್ಲರಿಗೂ. ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಟೆಂಡರ್ ಮುಗಿದ ಮೇಲೆ ಜಾಸ್ತಿ ದರ ಬಿದ್ದ ಐದು ಲಾಟ್ ಯಾವುವು ಅಂತ ಮಾಲೀಕರಿಗೆ ತೋರಿಸಬೇಕು. ಎ ಕಾಲಂನಲ್ಲಿ ಲಾಟ್ ನಂಬರ್, ಬಿ ಕಾಲಂನಲ್ಲಿ ಕ್ವಿಂಟಲ್ ದರ. ಅಂಗಡಿಯಲ್ಲಿ ಇರುವುದು ಎಕ್ಸೆಲ್ 2010. ಎರಡನೇ ಸಾಲಿನಿಂದ ಹೀಗಿದೆ, ದರ ಸುಮ್ನೆ ಉದಾಹರಣೆಗೆ:

112 – 41,009
113 – 38,500
114 – 45,200
115 – 41,009
116 – 45,200
117 – 36,000
118 – 45,200
119 – 39,999

ದೊಡ್ಡ ದರದಿಂದ ಒಂದೊಂದಾಗಿ ಕೊಡುವ ಲಾರ್ಜ್ ಸೂತ್ರ ಹಾಕಿದರೆ 45,200 ಮೂರು ಸಲ, 41,009 ಎರಡು ಸಲ ಬರುತ್ತದೆ. ಅದು ಸರಿ. ಆ ದರ ಹಿಡಿದು, ಅದು ಎಷ್ಟನೇ ಸಾಲಿನಲ್ಲಿದೆ ಅಂತ ಹೇಳುವ ಮ್ಯಾಚ್‌ನಿಂದ ಲಾಟ್ ಹುಡುಕಿದರೆ 114, 114, 114, 112, 112. ಹಾಗಾದರೆ 116, 118, 115 ತಂದ ರೈತರು ಎಲ್ಲಿ ಹೋದರು?

ವಿದ್ಯಾಗಿರಿ, ಧಾರವಾಡ

ಮ್ಯಾಚ್ ಇರುವುದೇ ಹಾಗೆ. ಕೊನೆಗೆ 0 ಹಾಕಿ ಹುಡುಕಿದಾಗ ಮೇಲಿನಿಂದ ನೋಡುತ್ತಾ ಬಂದು, ಮೊದಲು ಸಿಕ್ಕ ಕಡೆ ನಿಂತುಬಿಡುತ್ತದೆ. ಮೂರು ಸಲ ಕೇಳಿದರೂ ನೀವು ಕೇಳುವುದು 45,200 ಎಲ್ಲಿದೆ ಅಂತ ಅಷ್ಟೇ, ಅಲ್ವಾ? ಎಷ್ಟನೇ 45,200 ಅಂತ ಅದಕ್ಕೆ ಹೇಳಿಲ್ಲ.

ಮೊದಲು ಒಂದು ಮಾತು ತಿಳಿಸಿ. ಐದು ಲಾಟ್ ಬೇಕೋ, ಐದು ದರ ಬೇಕೋ? ಮೇಲಿನ ಪಟ್ಟಿಯಲ್ಲಿ ಮೂರನೇ ಲಾಟ್ 118. ಮೂರನೇ ದರ ಅಂದರೆ 39,999, ಅದು 119ರದು. ಎರಡಕ್ಕೂ ಸೂತ್ರ ಬೇರೆ.

ಡಬ್ಬಿ_ಕಡ್ಡಿ, ಬ್ಯಾಡಗಿ

ಲಾಟ್ ಬೇಕ್ರೀ. ಒಂದೇ ದರ ಇದ್ದರೆ ಪಟ್ಟಿಯಲ್ಲಿ ಮೊದಲಿದ್ದದ್ದು ಮೊದಲು ಬರಲಿ. ದರಕ್ಕೆ ಎಷ್ಟನೇ ಸ್ಥಾನ ಅಂತ ಹೇಳುವ ರ್ಯಾಂಕ್ ಕೂಡ ಹಾಕಿ ನೋಡಿದೆ. 1, 1, 1 ಆದ ಮೇಲೆ ಸೀದಾ 4. ಹಾಗಾಗಿ 2 ಹುಡುಕಿದರೆ ಎನ್‌ಎ, ಅಂದರೆ ಸಿಗಲಿಲ್ಲ ಅಂತ ಬರುತ್ತದೆ.

ವಿದ್ಯಾಗಿರಿ, ಧಾರವಾಡ

ಹಾಗಾದರೆ ಸುಲಭ. ಆ ರ್ಯಾಂಕ್ ಬಿಡಬೇಡಿ, ಅದೇ ಬೇಕು. ಸಿ ಕಾಲಂನಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಶೀಟ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ:

=ರ್ಯಾಂಕ್(ಬಿ2,ಬಿ$2:ಬಿ$9)+ಕೌಂಟ್‌ಇಫ್(ಬಿ$2:ಬಿ2,ಬಿ2)-1

ಕೌಂಟ್‌ಇಫ್ ಒಳಗೆ ಮೊದಲ ಬಿ$2ಗೆ ಡಾಲರ್ ಇದೆ, ಎರಡನೆಯ ಬಿ2ಗೆ ಇಲ್ಲ. ಕೀಲಿ ಇರುವುದು ಅಲ್ಲೇ. ಕೆಳಗೆ ಎಳೆದಂತೆ ವ್ಯಾಪ್ತಿ ಒಂದೊಂದೇ ಸಾಲು ಉದ್ದ ಆಗುತ್ತದೆ. ಹಾಗಾಗಿ ಈ ದರ ಇಲ್ಲಿಯವರೆಗೆ ಎಷ್ಟು ಸಲ ಬಂತು ಅನ್ನುವ ಎಣಿಕೆ ಸಿಗುತ್ತದೆ. 114ಕ್ಕೆ 1, 116ಕ್ಕೆ 2, 118ಕ್ಕೆ 3. ಮುಂದೆ 112ಕ್ಕೆ 4, 115ಕ್ಕೆ 5. ಒಂದೂ ಖಾಲಿ ಇಲ್ಲ, ಒಂದೂ ಎರಡು ಸಲ ಇಲ್ಲ. ಆಮೇಲೆ ಇ2ರಲ್ಲಿ:

=ಇಂಡೆಕ್ಸ್(ಎ$2:ಎ$9,ಮ್ಯಾಚ್(ರೋಸ್(ಇ$2:ಇ2),ಸಿ$2:ಸಿ$9,0))

ರೋಸ್ 1, 2, 3 ಅಂತ ಎಣಿಸುತ್ತದೆ, ಮ್ಯಾಚ್ ಸಿ ಕಾಲಂನಲ್ಲಿ ಆ ಸ್ಥಾನ ಹುಡುಕುತ್ತದೆ, ಇಂಡೆಕ್ಸ್ ಆ ಸಾಲಿನ ಲಾಟ್ ಕೊಡುತ್ತದೆ. ಐದು ಸಾಲು ಎಳೆದರೆ 114, 116, 118, 112, 115.

ಗದಗ_ಬೆಟಗೇರಿ

ಇಷ್ಟೊಂದು ಯಾಕೆ? ದರಕ್ಕೆ ಸಾಲಿನ ನಂಬರ್‌ನ ಹತ್ತು ಲಕ್ಷದಲ್ಲೊಂದು ಭಾಗ ಕಳೆದುಬಿಡಿ. ಎಲ್ಲ ದರವೂ ಬೇರೆ ಬೇರೆ ಆಗುತ್ತದೆ, ಮ್ಯಾಚ್ ತಕರಾರು ಮಾಡಲ್ಲ.

ಗೂಗಲ್ ಶೀಟ್ ಇದ್ದರೆ ಇನ್ನೂ ಸಲೀಸು. ಅಲ್ಲಿ ಜೋಡಿಸಿ ಮೇಲಿನ ಇಷ್ಟು ಸಾಲು ಕೊಡುವ ಸಾರ್ಟ್‌ಎನ್ ಇದೆ. ಸಮ ಬಂದರೆ ಏನು ಮಾಡಬೇಕು ಅಂತ ಅದಕ್ಕೇ ಹೇಳಬಹುದು. 0 ಕೊಟ್ಟರೆ ಕೇಳಿದಷ್ಟೇ ಸಾಲು. 1 ಕೊಟ್ಟರೆ ಕೊನೆಯದಕ್ಕೆ ಸಮ ಇರುವವೂ ಜೊತೆಗೆ ಬರುತ್ತವೆ. 2 ಕೊಟ್ಟರೆ ಒಂದು ದರಕ್ಕೆ ಒಂದೇ ಸಾಲು. 3 ಕೊಟ್ಟರೆ ಅಷ್ಟು ದರ ಮತ್ತು ಆ ದರದ ಎಲ್ಲ ಸಾಲು.

ವಿದ್ಯಾಗಿರಿ, ಧಾರವಾಡ

ಕಳೆಯುವ ಉಪಾಯ ಪೂರ್ಣ ರೂಪಾಯಿಗೆ ನಡೆಯುತ್ತದೆ. ಆದರೆ ಆ ಕಾಲಂ ಅನ್ನೇ ಯಾರಾದರೂ ಮೊತ್ತಕ್ಕೆ ಬಳಸಿದರೆ ಪೈಸೆ ಲೆಕ್ಕ ಕೆಡುತ್ತದೆ. ದಲಾಲಿ ಅಂಗಡಿಯ ಶೀಟ್‌ಗೆ ನನಗಂತೂ ಅದು ಬೇಡ. ಸಾರ್ಟ್‌ಎನ್ ಮಾತ್ರ ಚೆನ್ನಾಗಿದೆ. ಎಕ್ಸೆಲ್ 2010ರಲ್ಲಿ ಅದಿಲ್ಲ.

ಡಬ್ಬಿ_ಕಡ್ಡಿ, ಬ್ಯಾಡಗಿ

ಉದಾಹರಣೆಯಲ್ಲಿ ಸರಿ ಬಂತ್ರೀ. ಇವತ್ತಿನ ಶೀಟ್‌ನಲ್ಲಿ ಮಾತ್ರ 3 ಎರಡು ಕಡೆ ಬಂದಿದೆ. ಸೂತ್ರ ಅದೇ, ಡಾಲರ್ ಕೂಡ ಸರಿ ಇದೆ.

ವಿದ್ಯಾಗಿರಿ, ಧಾರವಾಡ

ದರ ಎಲ್ಲಿಂದಲೋ ಕಾಪಿ ಮಾಡಿ ಹಾಕಿದ್ದೀರಾ? ಯಾವುದಾದರೂ ದರ ಸೆಲ್‌ನ ಎಡಕ್ಕೆ ಅಂಟಿಕೊಂಡಿದೆಯಾ ನೋಡಿ. ಇದ್ದರೆ ಅದು ಸಂಖ್ಯೆ ಅಲ್ಲ, ಅಕ್ಷರವಾಗಿ ಕೂತಿದೆ. ರ್ಯಾಂಕ್ ಪಟ್ಟಿ ಎಣಿಸುವಾಗ ಅದನ್ನು ಬಿಟ್ಟು ಎಣಿಸುತ್ತದೆ. ಕೌಂಟ್‌ಇಫ್ ಸಂಖ್ಯೆ ಅಂತಲೇ ಹಿಡಿದು ಎಣಿಸುತ್ತದೆ. ಇಬ್ಬರ ಲೆಕ್ಕ ತಾಳೆ ಆಗಲ್ಲ. ನಿಮ್ಮ ಉದಾಹರಣೆಯಲ್ಲಿ 114ರ ದರ ಅಕ್ಷರವಾಗಿದೆ ಅಂದುಕೊಳ್ಳಿ. ಆಗ 118ಕ್ಕೂ 3, 112ಕ್ಕೂ 3.

ಖಾಲಿ ಸೆಲ್ ಒಂದರಲ್ಲಿ 1 ಬರೆದು ಕಾಪಿ ಮಾಡಿ, ಬಿ ಕಾಲಂನ ದರಗಳ ಮೇಲೆ ಪೇಸ್ಟ್ ಸ್ಪೆಷಲ್‌ನಲ್ಲಿ ಗುಣಾಕಾರ ಆರಿಸಿ. ಎಲ್ಲವೂ ಸಂಖ್ಯೆಯಾಗುತ್ತವೆ. ಸಂಖ್ಯೆ ಹೌದೋ ಅಲ್ಲವೋ ಹೇಳುವ ಈಸ್‌ನಂಬರ್ ಹಾಕಿ ಒಮ್ಮೆ ಪರೀಕ್ಷೆ ಮಾಡಿ.

ಗೋಕುಲ_ರೋಡ್, ಹುಬ್ಬಳ್ಳಿ

ಇದೇ ತೊಂದರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲೂ ಇದೆ, ಹುಡುಕಿ ಬಂದವರಿಗೆ ಉಪಯೋಗ ಆಗಲಿ. ಲಿಸ್ಟ್‌ನ ಇಂಡೆಕ್ಸ್ ಕೂಡ ಮೊದಲ ಜಾಗವನ್ನೇ ಕೊಡುತ್ತದೆ. ದರ ಹುಡುಕುವ ಬದಲು ಜಾಗಗಳನ್ನೇ ದರದ ಪ್ರಕಾರ ಜೋಡಿಸಿ. ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈನಲ್ಲಿ ಅದಕ್ಕೆ ಆರ್ಗ್‌ಸಾರ್ಟ್ ಇದೆ. ಸುಮ್ನೆ ಹಾಕಿದರೆ ಸಮ ಇರುವವು ಮೂಲ ಕ್ರಮದಲ್ಲೇ ಇರುತ್ತವೆ ಅಂತ ಭರವಸೆ ಇಲ್ಲ, ಕೈಂಡ್ ಜಾಗದಲ್ಲಿ ಸ್ಟೇಬಲ್ ಅಂತ ಕೊಡಬೇಕು.

ಇನ್ನೊಂದು. ಏರಿಕೆಯಲ್ಲಿ ಜೋಡಿಸಿ ಆಮೇಲೆ ಉಲ್ಟಾ ತಿರುಗಿಸಬೇಡಿ. ಸಮ ಇರುವವೂ ತಿರುಗಿ 118, 116, 114 ಆಗುತ್ತವೆ. ದರಕ್ಕೆ ಮೈನಸ್ ಹಾಕಿ ಜೋಡಿಸಿ. ಪೈಥಾನ್‌ನ ಸ್ವಂತ ಸಾರ್ಟೆಡ್‌ಗೆ ಈ ಚಿಂತೆ ಇಲ್ಲ, ರಿವರ್ಸ್ ಕೊಟ್ಟರೂ ಸಮ ಇರುವವು ಮೂಲ ಕ್ರಮದಲ್ಲೇ ಇರುತ್ತವೆ. ಜಾಗಗಳು 0ಯಿಂದ ಶುರು, ಹಾಗಾಗಿ ಮೇಲಿನ ಪಟ್ಟಿಗೆ ಉತ್ತರ 2, 4, 6, 0, 3.

ಡಬ್ಬಿ_ಕಡ್ಡಿ, ಬ್ಯಾಡಗಿ

ಸಿಕ್ತ್ರೀ ಅಣ್ಣಾರ. ಎರಡು ದರ ಎಡಕ್ಕೆ ಇದ್ದವು. ಗುಣಾಕಾರ ಮಾಡಿದ ಮೇಲೆ ಎಲ್ಲ ಸರಿ ಹೋಯ್ತು. ಈಗ ಮಾಲೀಕರು ಸಮ ದರ ಇದ್ದರೆ ಜಾಸ್ತಿ ಚೀಲ ಇದ್ದ ಲಾಟ್ ಮೇಲೆ ಬರಲಿ ಅಂತಿದ್ದಾರೆ. ಚೀಲ ಡಿ ಕಾಲಂನಲ್ಲಿದೆ.

ವಿದ್ಯಾಗಿರಿ, ಧಾರವಾಡ

ಸಿ ಕಾಲಂನ ಸೂತ್ರ ಬದಲಿಸಿ, ಇ ಹಾಗೇ ಇರಲಿ:

=ರ್ಯಾಂಕ್(ಬಿ2,ಬಿ$2:ಬಿ$9)+ಕೌಂಟ್‌ಇಫ್ಸ್(ಬಿ$2:ಬಿ$9,ಬಿ2,ಡಿ$2:ಡಿ$9,">"&ಡಿ2)+ಕೌಂಟ್‌ಇಫ್ಸ್(ಬಿ$2:ಬಿ2,ಬಿ2,ಡಿ$2:ಡಿ2,ಡಿ2)-1

ಚೀಲವೂ ಸಮ ಇದ್ದರೆ ಕೊನೆಯ ತುಂಡು ಪಟ್ಟಿಯ ಕ್ರಮ ನೋಡಿಕೊಳ್ಳುತ್ತದೆ. ಗುಣಾಕಾರವನ್ನು ಡಿ ಕಾಲಂಗೂ ಮಾಡಿಬಿಡಿ.