ಸಹಾಯ ಬೇಕು: ಟ್ರೆಮೊಲೊ ಪೆಡಲ್‌ನಲ್ಲಿ ಟಿಕ್ ಟಿಕ್ ಸದ್ದು

ಎಲ್ಲರಿಗೂ ನಮಸ್ಕಾರ. ಗಿಟಾರ್‌ಗೆ ಟ್ರೆಮೊಲೊ ಪೆಡಲ್ ಒಂದನ್ನು ನಾನೇ ಕಟ್ಟುತ್ತಿದ್ದೇನೆ. ಸದ್ದು ಅಲೆ ಅಲೆಯಾಗಿ ಏರಿ ಇಳಿಯುತ್ತದಲ್ಲ, ಅದು. ಬಿಡಿಭಾಗ ಎಲ್ಲಾ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದದ್ದು.

ಒಂದು ಎಲ್‌ಇಡಿ, ಅದರ ಎದುರಿಗೆ ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ಬದಲಾಗುವ ರೆಸಿಸ್ಟರ್). ಎರಡನ್ನೂ ಮುಖಾಮುಖಿ ಇಟ್ಟು, ಹೊರಗಿನ ಬೆಳಕು ಬೀಳದ ಹಾಗೆ ಕಪ್ಪು ಸ್ಲೀವ್ ಹಾಕಿದ್ದೇನೆ. ಎಲ್‌ಇಡಿ ಬೆಳಗಿದಾಗ ಎಲ್‌ಡಿಆರ್ ರೆಸಿಸ್ಟೆನ್ಸ್ ಇಳಿದು, ಸಿಗ್ನಲ್ ಒಂದಷ್ಟು ಗ್ರೌಂಡ್‌ಗೆ ಹೋಗಿ ಸದ್ದು ತಗ್ಗುತ್ತದೆ. ಎಲ್‌ಇಡಿ ಓಡಿಸಲು ಟಿಎಲ್072, ಅಂದರೆ ಒಳಗೆ ಎರಡು ಆಪ್-ಆಂಪ್ ಇರುವ ಐಸಿ. ಅದರಲ್ಲಿ ಅರ್ಧ ಶ್ಮಿಟ್ ಟ್ರಿಗರ್ (ಥಟ್ಟನೆ ಮೇಲೆ ಕೆಳಗೆ ತಿರುಗುವುದು), ಇನ್ನರ್ಧ ಇಂಟಿಗ್ರೇಟರ್ (ಅದನ್ನು ನಿಧಾನದ ಏರಿಳಿತ ಮಾಡುವುದು). ಎರಡೂ ಸೇರಿ ಅಲೆ ಹುಟ್ಟಿಸುವ ಆಸಿಲೇಟರ್. 9 ವೋಲ್ಟ್ ಬ್ಯಾಟರಿ.

ಅಲೆ ತುಂಬಾ ಚೆನ್ನಾಗಿ ಬರುತ್ತಿದೆ. ನಿಧಾನಕ್ಕೆ ಇಟ್ಟು ಒಂದು ಇ ಮೈನರ್ ಬಾರಿಸಿದರೆ ಮೈ ಜುಮ್ಮೆನ್ನುತ್ತದೆ. ಆದರೆ ತಂತಿ ಮುಟ್ಟದೆ ಸುಮ್ನೆ ಕೂತಾಗಲೂ ಆಂಪ್‌ನಲ್ಲಿ ಗಡಿಯಾರದ ಹಾಗೆ ಟಿಕ್ ಟಿಕ್. ಸ್ಪೀಡ್ ಜಾಸ್ತಿ ಮಾಡಿದರೆ ಟಿಕ್ ಕೂಡ ಅದರ ಜೊತೆಗೇ ಓಡುತ್ತದೆ. ಅಂದರೆ ಟ್ರಿಗರ್ ತಿರುಗುವ ಕ್ಷಣದ ಜರ್ಕ್ ಆಡಿಯೊಗೆ ನುಗ್ಗುತ್ತಿದೆ, ಅಲ್ವಾ?

ಆಸಿಲೇಟರ್ ಸಪ್ಲೈಗೆ ಫಿಲ್ಟರ್ ಆಗಿ 100 ಓಮ್ ರೆಸಿಸ್ಟರ್, 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ನೋಡಿದೆ. ಸ್ವಲ್ಪ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ವೆರೋಬೋರ್ಡ್‌ನಲ್ಲಿ (ತಾಮ್ರದ ಪಟ್ಟಿಗಳಿರುವ ಬೋರ್ಡ್) ಆಡಿಯೊ ಮತ್ತು ಆಸಿಲೇಟರ್ ಎರಡರ ಗ್ರೌಂಡೂ ಒಂದೇ ಪಟ್ಟಿಯಲ್ಲಿದೆ. 4.5 ವೋಲ್ಟ್ ಬಯಾಸ್ (ಬ್ಯಾಟರಿಯ ಅರ್ಧ ವೋಲ್ಟೇಜ್, ಸಿಗ್ನಲ್‌ಗೆ ನಡು ಮಟ್ಟ) ಕೂಡ ಎರಡಕ್ಕೂ ಒಂದೇ.

ಮೊದಲು ಯಾವುದನ್ನು ಬದಲಿಸಲಿ? ಪಟ್ಟಿ ಕತ್ತರಿಸಿ ಎರಡೂ ಗ್ರೌಂಡನ್ನು ಬೇರೆ ಬೇರೆಯಾಗಿ ಬ್ಯಾಟರಿ ತನಕ ಒಯ್ಯಲೇ? ಇಲ್ಲ, ಕಮ್ಮಿ ಕರೆಂಟ್ ಎಳೆಯುವ ಟಿಎಲ್062 ಹಾಕಿದರೆ ಸಾಕೇ? ಪಿನ್ ಎರಡಕ್ಕೂ ಒಂದೇ, ಐಸಿ ಸಾಕೆಟ್‌ನಲ್ಲೇ ಇದೆ. ಇಂಥದ್ದು ಕಟ್ಟಿ ಟಿಕ್ ನಿಲ್ಲಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಬೋರ್ಡಿನ ಎರಡೂ ಕಡೆಯ ಫೋಟೊ ಕೇಳಿದರೆ ಹಾಕುತ್ತೇನೆ.