ಮುತ್ತಜ್ಜಿಗೆ ಎಷ್ಟು ವರ್ಷ ಅಂತ ಕೇಳಿದ್ದೆಯಲ್ಲ ಪುಟ್ಟಿ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಮುತ್ತಜ್ಜಿ ಫೋಟೋಗೆ ಫ್ರೇಮ್ ಹಾಕಿಸ್ತೀನಿ, ಕೆಳಗೆ ‘105 ವರ್ಷ’ ಅಂತ ಬರೆಸಲಾ ಅತ್ತೆ ಅಂತ ಕೇಳಿದ್ದೀಯ. ಬೇಡ ಕಣೇ. ಟೈಪ್ ಮಾಡ್ತಾ ಕೂತರೆ ಸಂಜೆ ಆಗುತ್ತೆ, ಬಾಯಲ್ಲೇ ಹೇಳುತ್ತೇನೆ, ಉದ್ದ ಆದರೆ ಬೈಬೇಡ.

105 ಅಂತ ಯಾರು ಹೇಳಿದರೋ! ಆಧಾರ್‌ನಲ್ಲಿರುವ ಜನವರಿ 1ನ್ನೂ ನಂಬಬೇಡ. ಆ ಕಾಲದವರಲ್ಲಿ ಅರ್ಧ ಜನ ಕಾಗದದ ಮೇಲೆ ಜನವರಿ 1ಕ್ಕೇ ಹುಟ್ಟಿದವರು. ಅಜ್ಜಿ ಲೆಕ್ಕ ಇಡುತ್ತಿದ್ದದ್ದು ನೀರಿನಿಂದ. 1948ರಲ್ಲಿ ಶರಾವತಿಗೆ ಮಡೆನೂರು ಡ್ಯಾಮ್ ಆದಾಗ ನಿಮ್ಮಜ್ಜ, ಅಂದರೆ ನನ್ನಪ್ಪ, ತೊಟ್ಟಿಲ ಕೂಸು. ಮೊದಲನೇ ಮಗ. ಅಜ್ಜಿಗೆ ಆಗ ಇಪ್ಪತ್ತು ಅಂದುಕೋ. ಎಷ್ಟು ಎಳೆದರೂ ತೊಂಬತ್ತೇಳು ತೊಂಬತ್ತೆಂಟು, ಅಷ್ಟೇ.

ಆಮೇಲೆ 1964ರಲ್ಲಿ ಅದೇ ಹೊಳೆಗೆ ಲಿಂಗನಮಕ್ಕಿ ಡ್ಯಾಮ್. ಮಡೆನೂರು ಡ್ಯಾಮನ್ನೇ ಮುಳುಗಿಸಿದ ನೀರು ಅದು, ನಮ್ಮ ಗದ್ದೆ ಯಾವ ಲೆಕ್ಕ? ನೆಂಟರೆಲ್ಲ ದೂರದ ಊರುಗಳಿಗೆ ಹೋದರು. ನಮ್ಮವರು ತುಮರಿ ಕಡೆ ಗುಡ್ಡ ಹತ್ತಿ ಕೂತರು.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಭೂಮಿ ಹುಣ್ಣಿಮೆಗೆ ಅಜ್ಜಿ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಅಕ್ಕಿ ಹಿಟ್ಟಿನಲ್ಲಿ ಪುಂಡಿ ನಾರಿನಿಂದ ಚಿತ್ತಾರ ಬರೆಯುತ್ತಿದ್ದಳಲ್ಲ, ಅದು ನೀನೂ ನೋಡಿದ್ದೀಯ. ರಾತ್ರಿಯೆಲ್ಲ ಕಡುಬು, ಸೊಪ್ಪಿನ ಹಚ್ಚಂಬಲಿ ಬೇಯಿಸುತ್ತಿದ್ದಳು. ಬೆಳಗಾಗುವ ಮೊದಲೇ ಅಜ್ಜ ಬುಟ್ಟಿ ಹೊತ್ತು ಈಗಿನ ಗದ್ದೆಗೆ ಹೋಗಿ ಚರಗ, ಅಂದರೆ ಭೂಮಿತಾಯಿಯ ಎಡೆ, ಚೆಲ್ಲಿ ಬರುತ್ತಿದ್ದ. ಬುಟ್ಟಿ ಹೊರುವುದು ಗಂಡಸರ ಕೆಲಸ. ಆದರೆ ಅಜ್ಜಿ ಒಂದು ಹಿಡಿ ತೆಗೆದಿಟ್ಟುಕೊಂಡು, ಯಾರಿಗೂ ಹೇಳದೆ ಹಿನ್ನೀರಿನ ದಂಡೆಗೆ ಹೋಗುತ್ತಿದ್ದಳು. ಒಂದು ಸಲ ನಾನು ಹಿಂದೆ ಹೋದೆ. ಹುಣ್ಣಿಮೆ ಹೊತ್ತಿಗೆ ಮಳೆಗಾಲ ಮುಗಿದಿರುತ್ತೆ, ನೀರು ತುಂಬಿ ನಿಂತಿತ್ತು. ಅಜ್ಜಿ ಮೊಣಕಾಲುದ್ದ ಇಳಿದು ಚರಗ ನೀರಿಗೇ ಹಾಕಿದಳು. “ಅಜ್ಜಿ, ಮೀನು ತಿನ್ನುತ್ತೆ” ಅಂದೆ. “ತಿನ್ನಲಿ ಬಿಡು. ಗದ್ದೆ ಕೆಳಗೇ ಉಂಟಲ್ಲ, ಅದಕ್ಕೂ ಸಿಗುತ್ತೆ” ಅಂದಳು. ಅಳುವೇನೂ ಇರಲಿಲ್ಲ. ಸೀರೆ ಹಿಂಡಿಕೊಂಡು ವಾಪಸ್ ಬಂದು ಕೊಟ್ಟಿಗೆ ಗುಡಿಸಿದಳು.

ಹೋದ ವರ್ಷ, 2025ರ ಜುಲೈನಲ್ಲಿ, ಸಿಗಂದೂರು ಸೇತುವೆ ಶುರುವಾದಾಗ ಕಾರಿನಲ್ಲಿ ಕರ್ಕೊಂಡು ಹೋದೆವು. ಎರಡೂವರೆ ಕಿಲೋಮೀಟರ್ ಹತ್ತಿರ ಇದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಆಚೆ ದಡ. ಅಜ್ಜಿಗೆ ಸಿಟ್ಟು! “ಲಾಂಚಲ್ಲಾದರೆ ನಾಲ್ಕು ಜನ ಸಿಗುತ್ತಿದ್ದರು. ಇದರಲ್ಲಿ ಎಲೆ ಅಡಿಕೆ ಹಾಕುವುದರೊಳಗೇ ಮುಗಿದು ಹೋಯ್ತು.” ರಾತ್ರಿ ಹೊತ್ತು ಕಾಯಿಲೆ ಬಿದ್ದವರನ್ನು ದಾಟಿಸಲಾಗದೆ ದಡದಲ್ಲಿ ಕೂತವರು ನಾವು, ನನಗಂತೂ ಸೇತುವೆ ದೇವರು. ಅವಳಿಗೆ ಹೇಳೋರು ಯಾರು?

ಕಳೆದ ಹುಣ್ಣಿಮೆಗೆ ಕೈ ನಡುಗುತ್ತಿತ್ತು. ಬುಟ್ಟಿಯ ಒಂದು ಮಗ್ಗಲು ನನ್ನ ಕೈಲಿ ಬರೆಸಿ, ಗೆರೆ ಸೊಟ್ಟ ಅಂತ ಎರಡು ಸಲ ಅಳಿಸಿದಳು. ಕಾರ್ತಿಕದಲ್ಲಿ ಹೋಗಿಯೇಬಿಟ್ಟಳು.

ಇಸವಿ ಬರೆಸಲೇಬೇಕು ಅಂದರೆ ‘ಸುಮಾರು 1928’ ಅಂತ ಬರೆಸು. ಬುಟ್ಟಿ ಅಟ್ಟದ ಮೇಲಿದೆ, ಪುಂಡಿ ನಾರು ತೆಗೆದಿಟ್ಟಿದ್ದೇನೆ. ಹುಣ್ಣಿಮೆಗೆ ಎರಡು ದಿನ ಮೊದಲೇ ಬಾ, ಒಬ್ಬಳ ಕೈಲಿ ಆಗಲ್ಲ. ಇರು, ಕುಕ್ಕರ್ ಕೂಗ್ತಿದೆ.