ಶೂ ಹಿಡ್ಕೊಂಡು ಕೂತುಬಿಟ್ಟೆ ಅಂದವರಿಗೆ: ಓದುಗರ ಸ್ಪಂದನ

ಹೋದ ಸಲದ ಪತ್ರ, ಮರೆತವರಿಗಾಗಿ ಇನ್ನೊಂದ್ಸಲ: "ಎಂಟು ತಿಂಗಳಿಂದ ಮನಸ್ಸು ಸರಿಯಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡ್ಲೇ ಎದೆ ಭಾರ. ಡಾಕ್ಟ್ರು ಡಿಪ್ರೆಶನ್ ಅಂತ ಮಾತ್ರೆ ಬರೆದುಕೊಟ್ರು, ಜೊತೆಗೆ ದಿನಾ ವ್ಯಾಯಾಮ ಮಾಡಿ ಅಂದ್ರು. ಜಿಮ್‌ಗೆ ಮೂರು ತಿಂಗಳ ಫೀಸ್ ಕಟ್ಟಿ ನಾಲ್ಕು ದಿನ ಹೋದೆ. ಐದನೇ ದಿನ ಶೂ ಹಾಕ್ಕೊಳ್ಳೋಕೆ ಕೂತವಳು ಶೂ ಹಿಡ್ಕೊಂಡು ಮುಕ್ಕಾಲು ಗಂಟೆ ಅಲ್ಲೇ ಕೂತುಬಿಟ್ಟೆ, ಆಮೇಲೆ ಹೋಗೇ ಇಲ್ಲ. ಮನೇಲಿ ಸೋಮಾರಿತನ ಅಂತಾರೆ. ವ್ಯಾಯಾಮದಿಂದ ನಿಜವಾಗ್ಲೂ ಮನಸ್ಸು ಸರಿಹೋಗುತ್ತಾ? ಹೋಗೋದಾದ್ರೆ ಮಾತ್ರೆ ಬಿಡಬಹುದಾ? ಶುರು ಮಾಡೋದೇ ಆಗ್ತಿಲ್ಲ, ಏನ್ಮಾಡ್ಲಿ?"

ಬಂದ ಉತ್ತರಗಳಲ್ಲಿ ಕೆಲವು.

ಶೂ ವಿಷಯ ಓದಿ ಅಲ್ಲೇ ನಿಂತುಬಿಟ್ಟೆ ತಂಗಿ. ನಂದೂ ಅದೇ ಕಥೆ, ಶೂ ಬದಲು ಸಾಕ್ಸ್ ಅಷ್ಟೇ. ಒಂದು ಕಾಲಿಗೆ ಹಾಕಿ ಇನ್ನೊಂದನ್ನ ಕೈಲಿ ಹಿಡ್ಕೊಂಡು ಗೋಡೆ ನೋಡ್ತಾ ಕೂತಿರ್ತಿದ್ದೆ, ಮಗ ಬಂದು ಅಮ್ಮಾ ಹೊರಟ್ಯಾ, ಬಂದ್ಯಾ ಅಂತ ಕೇಳಿದಾಗ್ಲೇ ಎಚ್ಚರ ಆಗ್ತಿದ್ದಿದ್ದು. ಇದು ಸೋಮಾರಿತನ ಅಲ್ವೇ ಅಲ್ಲ. ಸೋಮಾರಿಗೆ ಮಲಗಿದ್ರೆ ಸುಖ ಸಿಗುತ್ತೆ, ನಮಗೆ ಮಲಗಿದ್ರೂ ಸುಖ ಇಲ್ಲ, ಮನೆಯವರಿಗೆ ಅಷ್ಟು ಅರ್ಥ ಆದ್ರೆ ಸಾಕು.

ನನ್ನ ಕೌನ್ಸೆಲರ್ ಹೇಳಿದ್ದು ಇಷ್ಟೇ, ಮೂಡ್ ಬಂದ್ಮೇಲೆ ಹೋಗ್ತೀನಿ ಅಂತ ಕಾಯ್ಬೇಡಿ, ಈ ಕಾಯಿಲೆ ಮೊದಲು ಕಿತ್ಕೊಳ್ಳೋದೇ ಆ ಮೂಡನ್ನ, ಅದಕ್ಕೆ ಮೊದ್ಲು ಕಾಲು ಹೊರಡ್ಲಿ ಮನಸ್ಸು ಹಿಂದಿಂದ ಬರುತ್ತೆ ಅಂತ. ಇದಕ್ಕೆ ಬಿಹೇವಿಯರಲ್ ಆಕ್ಟಿವೇಶನ್ ಅಂತ ಹೆಸರೇ ಇದೆ, ಡಿಪ್ರೆಶನ್‌ಗೆ ಕೊಡೋ ಚಿಕಿತ್ಸೆಗಳಲ್ಲಿ ಅದೂ ಒಂದು. ನಾನು ಮಾಡ್ಕೊಂಡ ಒಪ್ಪಂದ ಏನು ಗೊತ್ತಾ, ಬೀದಿ ತುದೀಲಿರೋ ಲೈಟ್ ಕಂಬ ಮುಟ್ಟಿ ವಾಪಸ್ ಬರೋದು. ಮುಟ್ಟಿದ ಮೇಲೆ ವಾಪಸ್ ಬಂದ್ರೂ ಅವತ್ತಿನ ಲೆಕ್ಕ ಮುಗೀತು, ಬೈಕೊಳ್ಳೋ ಹಾಗಿಲ್ಲ. ಒಟ್ಟು ನಾಲ್ಕು ನಿಮಿಷದ ದಾರಿ. ಎರಡು ವಾರ ಅಷ್ಟೇ ಮಾಡಿದ್ದು, ಒಂದು ದಿನ ಕಂಬದ ಹತ್ರ ಹೋದಾಗ ಇನ್ನೊಂಚೂರು ಹೋಗೋಣ ಅನ್ನಿಸ್ತು, ಹೋದೆ. ಶೂ ಒಳಗೆ ಸಾಕ್ಸ್ ರಾತ್ರೀನೇ ತುರುಕಿ ಬಾಗಿಲ ಹತ್ರ ಇಡ್ತಿದ್ದೆ, ಯಾಕಂದ್ರೆ ಬೆಳಿಗ್ಗೆ ಸಾಕ್ಸ್ ಹುಡುಕೋದೇ ನಂಗೆ ಬೆಟ್ಟ ಹತ್ತಿದಷ್ಟು.

ಇನ್ನೊಂದು ಸಣ್ಣ ನೋಟ್‌ಬುಕ್ ಇಟ್ಟಿದ್ದೆ. ಹೊರಡೋ ಮುಂಚೆ ಮನಸ್ಸು ಹತ್ತಕ್ಕೆ ಎಷ್ಟು, ಬಂದ್ಮೇಲೆ ಎಷ್ಟು ಅಂತ. ಈಗಲೂ ಇದೆ, ಮೊದಲ ಪುಟ ನೋಡಿ ಬರೀತಿದೀನಿ: 2ರಿಂದ 3. 3ರಿಂದ 3. 2ರಿಂದ 4. 4ರಿಂದ 3, ಪಕ್ಕದಲ್ಲಿ "ಮಳೆ, ನೆಂದೆ" ಅಂತ ಬರ್ಕೊಂಡಿದೀನಿ. ದೊಡ್ಡ ಪವಾಡ ಏನೂ ಕಾಣಲ್ಲ ಅದ್ರಲ್ಲಿ. ಆದ್ರೆ ಇದ್ರಿಂದ ಏನೂ ಆಗಲ್ಲ ಬಿಡು ಅಂತ ತಲೆ ಹೇಳ್ದಾಗೆಲ್ಲ ಆ ಪುಟ ತೆಗೆದು ತೋರಿಸ್ತಿದ್ದೆ ತಲೆಗೆ.
(ಇದೇ ದಾರೀಲಿ ಹೋಗಿ ಬಂದವಳು)

ನಾನು ಮನೋವೈದ್ಯ, ಆದ್ರೆ ನಿಮ್ಮನ್ನ ನೋಡಿಲ್ಲದೆ ನಿಮ್ಮ ಚಿಕಿತ್ಸೆ ಬಗ್ಗೆ ಹೇಳೋಕಾಗಲ್ಲ, ಹಾಗಾಗಿ ಸಾಮಾನ್ಯವಾಗಿ ಹೇಳೋದನ್ನಷ್ಟೇ ಹೇಳ್ತೀನಿ. ಮಾತ್ರೆ ಪ್ರಶ್ನೆ ಮೊದ್ಲು. ನೀವಾಗೇ ನಿಲ್ಲಿಸಬೇಡಿ. ಡಿಪ್ರೆಶನ್ ಮಾತ್ರೆ ದಿಢೀರ್ ಬಿಟ್ರೆ ತಲೆ ಸುತ್ತು, ನಿದ್ದೆ ಕೆಡೋದು, ಕಿರಿಕಿರಿ, ಕೆಲವರಿಗೆ ತಲೆಯೊಳಗೆ ಕರೆಂಟ್ ಹೊಡೆದಂಗೆ ಅನ್ನಿಸೋದು ಎಲ್ಲ ಆಗಬಹುದು, ಆಮೇಲೆ ಕಾಯಿಲೆ ವಾಪಸ್ ಬಂತೋ ಮಾತ್ರೆ ಬಿಟ್ಟಿದ್ದಕ್ಕೆ ಹೀಗಾಯ್ತೋ ಅಂತ ಗೊತ್ತಾಗದೆ ಒದ್ದಾಡ್ತಾರೆ. ಬಿಡೋ ಕಾಲ ಬಂದಾಗ ಡಾಕ್ಟ್ರೇ ಡೋಸ್ ನಿಧಾನಕ್ಕೆ ಇಳಿಸ್ತಾರೆ.

ವ್ಯಾಯಾಮ ಕೆಲಸ ಮಾಡುತ್ತಾ ಅಂದ್ರೆ, ಹೌದು, ಅದಕ್ಕೆ ಗಟ್ಟಿ ಆಧಾರ ಇದೆ. ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯವರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ, ಡಿಪ್ರೆಶನ್ ಇದ್ದ 50 ದಾಟಿದ 156 ಜನರನ್ನ ಮೂರು ಗುಂಪು ಮಾಡಿ ಒಂದಕ್ಕೆ ವ್ಯಾಯಾಮ, ಒಂದಕ್ಕೆ ಸರ್ಟ್ರಲಿನ್ ಮಾತ್ರೆ, ಒಂದಕ್ಕೆ ಎರಡೂ ಕೊಟ್ರು. 16 ವಾರ ಆದ್ಮೇಲೆ ಮೂರೂ ಗುಂಪು ಹೆಚ್ಚುಕಮ್ಮಿ ಒಂದೇ ಕಡೆ ಬಂದು ನಿಂತಿದ್ವು. ಇದನ್ನ ಓದಿದವರು "ನೋಡಿದ್ರಾ, ಮಾತ್ರೆ ಬೇಡ" ಅಂತಾರೆ, ಆದ್ರೆ ಅದೇ ಅಧ್ಯಯನದಲ್ಲಿ ಮೊದಲ ವಾರಗಳಲ್ಲಿ ಬೇಗ ಚೇತರಿಕೆ ಕಂಡಿದ್ದು ಮಾತ್ರೆ ತಗೊಂಡವರಲ್ಲಿ ಅನ್ನೋದನ್ನ ಯಾರೂ ಹೇಳಲ್ಲ. ಇನ್ನೊಂದು, ಅವರಿಗೆ ವಾರಕ್ಕೆ ಮೂರು ದಿನ ಜೊತೇಲಿ ನಿಂತು ಮಾಡಿಸೋರಿದ್ರು, ನಿಮ್ಮ ಹಾಗೆ ಒಬ್ಬೊಬ್ಬರೇ ಶೂ ಹಿಡ್ಕೊಂಡು ಕೂತಿರ್ಲಿಲ್ಲ. ಅದು ಸಣ್ಣ ವಿಷಯ ಅಲ್ಲ.

ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಆಗಿಲ್ಲದಿದ್ರೆ ಡಾಕ್ಟ್ರ ಹತ್ರ ಕೇಳಿ, ಅದು ಕಮ್ಮಿ ಇದ್ರೂ ಹೀಗೇ ಕಾಲು ಏಳಲ್ಲ. ಎಂದಾದ್ರೂ ಬದುಕೋದೇ ಬೇಡ ಅನ್ನೋ ಯೋಚನೆ ಬಂತು ಅಂದ್ರೆ ಆಗ ವಾಕಿಂಗ್ ಮಾತು ಬೇಡ, ಅವತ್ತೇ, ಆಗ್ಲೇ ಹತ್ತಿರದವರಿಗೆ ಹೇಳಿ, ಡಾಕ್ಟ್ರಿಗೆ ಇಲ್ಲಾಂದ್ರೆ ಸಹಾಯವಾಣಿಗೆ ಫೋನ್ ಮಾಡಿ.
(ಒಬ್ಬ ವೈದ್ಯ)

ಎಲ್ರೂ ವಾಕಿಂಗ್ ಮಾಡಿ ವಾಕಿಂಗ್ ಮಾಡಿ ಅಂತ ಬರ್ದಿರ್ತಾರೆ ಅಂತ ಗೊತ್ತು, ಅದಕ್ಕೇ ನಾನು ಉಲ್ಟಾ ಬರೀತಿದೀನಿ. ನಾನು ತೀರಾ ಕೆಳಗೆ ಬಿದ್ದಿದ್ದಾಗ ಯಾರಾದ್ರೂ ಆ ಮಾತು ಎತ್ತಿದ್ರೆ ಮೈ ಉರಿದುಹೋಗ್ತಿತ್ತು. ಸ್ನಾನ ಮಾಡೋಕೇ ಮೂರು ದಿನ ತಗೊಳ್ತಿದ್ದವಳಿಗೆ ಓಡು ಅಂದ್ರೆ? ನಂಗೆ ಮೊದ್ಲು ಮಾತ್ರೆ ಹಿಡೀಬೇಕಾಯ್ತು, ಐದಾರು ವಾರ ಆದ್ಮೇಲೆ ಹಾಸಿಗೆ ಬಿಟ್ಟು ಏಳೋಷ್ಟಾದೆ, ಆಮೇಲೇ ಉಳಿದಿದ್ದೆಲ್ಲ. ನಿಮಗೂ ಈಗ ಆಗ್ತಿಲ್ಲ ಅಂದ್ರೆ ಆಗ್ತಿಲ್ಲ ಅಷ್ಟೇ, ಅದ್ರಲ್ಲಿ ತಪ್ಪೇನಿಲ್ಲ. ಹಾಸಿಗೇಲೇ ಕಾಲು ಮಡಚಿ ಬಿಡಿಸಿ, ಕಿಟಕಿ ತೆಗೆದು ಬೆಳಕಿಗೆ ಎರಡು ನಿಮಿಷ ನಿಂತ್ಕೊಳ್ಳಿ, ಸದ್ಯಕ್ಕೆ ಅದೇ ನಿಮ್ಮ ಜಿಮ್.
(ವಾಕಿಂಗ್ ಅಂದ್ರೆ ಈಗಲೂ ಅಷ್ಟಕ್ಕಷ್ಟೆ)

ಮೇಡಂ, ನಂದು ಡಿಪ್ರೆಶನ್ ಅಲ್ಲ ಪ್ಯಾನಿಕ್, ಆದ್ರೂ ಬರೀತಿದೀನಿ, ಯಾರಿಗಾದ್ರೂ ಉಪಯೋಗ ಆಗ್ಲಿ. ಎದೆ ಢವಢವ ಅಂದ್ರೆ ಸಾಕು ಸತ್ತೇ ಹೋದೆ ಅಂತ ಮೂರು ಸಲ ಎಮರ್ಜೆನ್ಸಿಗೆ ಹೋಗಿದ್ದೆ, ಮೂರು ಸಲಾನೂ ಇಸಿಜಿ ನಾರ್ಮಲ್. ಆಮೇಲೆ ಎದೆ ಬಡಿಯೋ ಯಾವ ಕೆಲ್ಸಾನೂ ಮಾಡೋದು ಬಿಟ್ಟೆ, ಮೆಟ್ಲು ಹತ್ತೋದು, ಬಸ್ಸಿಗೆ ಓಡೋದು ಎಲ್ಲ. ಥೆರಪಿಸ್ಟ್ ಹೇಳಿದ್ರು, ವ್ಯಾಯಾಮದಲ್ಲಾಗೋ ಏದುಸಿರು, ಬೆವರು, ಎದೆ ಬಡಿತ ಇವೇ ನಿಮ್ಮ ಪ್ಯಾನಿಕ್‌ನಲ್ಲೂ ಆಗೋದು, ದೇಹಕ್ಕೆ ಇದು ಅಪಾಯ ಅಲ್ಲ ಅಂತ ಕಲಿಸ್ಬೇಕು ಅಂದ್ರೆ ಬೇಕೂ ಅಂತಲೇ ಎದೆ ಬಡಿಸ್ಕೊಳ್ಳಿ ಅಂತ.

ಆಫೀಸಿನ ಮೆಟ್ಲು. ಎರಡನೇ ಮಹಡಿಗೆ ಶುರುವಾಯ್ತು. ಮೂರನೇ ಮಹಡಿ ತಿರುವಲ್ಲಿ ಕಂಬಿ ಹಿಡ್ಕೊಂಡು ನಿಂತೆ, ಕೈ ಬೆವತು ಕಂಬಿ ಜಾರ್ತಿತ್ತು, ಕಿವೀಲಿ ಬರೀ ಢಬ್ ಢಬ್. ಫೋನಲ್ಲಿ ಟೈಮ್ ನೋಡ್ತಾ ನಿಂತೆ. ಮೂರು ನಿಮಿಷಕ್ಕೆ ತಾನಾಗೇ ಇಳೀತು. ಯಾರೂ ಏನೂ ಮಾಡ್ಲಿಲ್ಲ, ನೀರು ಕೊಡ್ಲಿಲ್ಲ, ಗಾಳಿ ಹಾಕ್ಲಿಲ್ಲ, ತಾನಾಗೇ ಇಳೀತು! ಅವತ್ತು ಅಲ್ಲೇ ಮೆಟ್ಲ ಮೇಲೆ ಕೂತು ಅತ್ತುಬಿಟ್ಟೆ, ನಗು ಬರುತ್ತೆ ಈಗ ನೆನೆಸ್ಕೊಂಡ್ರೆ. ಎದೆ ವಿಷಯ ಆದ್ದರಿಂದ ಮೊದ್ಲು ಡಾಕ್ಟ್ರಿಗೆ ತೋರಿಸಿ ಓಕೆ ಅನ್ನಿಸ್ಕೊಂಡೇ ಹೀಗೆಲ್ಲ ಮಾಡಿ.
(ಮೂರನೇ ಮಹಡಿಯವನು)

ಜಿಮ್ ಬಗ್ಗೆ ಒಂದು ಮಾತು, ನಾನು ಟ್ರೇನರ್. ವ್ಯಾಯಾಮ ಮಾಡಿದ್ರೆ ಎಂಡಾರ್ಫಿನ್ ಅನ್ನೋ ರಾಸಾಯನಿಕ ಬರುತ್ತೆ ಖುಷಿ ಆಗುತ್ತೆ ಅಂತ ನಮ್ಮವರೇ ಎಲ್ಲ ಕಡೆ ಹೇಳ್ಕೊಂಡು ತಿರುಗ್ತಾರೆ, ವಿಷಯ ಅಷ್ಟು ಸರಳ ಇಲ್ಲ. ರಕ್ತದಲ್ಲಿರೋ ಎಂಡಾರ್ಫಿನ್ ಮಿದುಳೊಳಗೆ ಸುಲಭವಾಗಿ ದಾಟಲ್ಲ. ಜರ್ಮನಿಯಲ್ಲಿ 2021ರ ಒಂದು ಪ್ರಯೋಗದಲ್ಲಿ ಎಂಡಾರ್ಫಿನ್ ಕೆಲಸ ಮಾಡದ ಹಾಗೆ ಔಷಧಿ ಕೊಟ್ಟು ಓಡಿಸಿದ್ರು, ಆಗಲೂ ಓಡಿದವರಿಗೆ ಆ ಹಗುರ ಬಂತು, ಹಾಗಾಗಿ ದೇಹ ತಾನೇ ಮಾಡ್ಕೊಳ್ಳೋ ಎಂಡೋಕ್ಯಾನಬಿನಾಯ್ಡ್ ಅನ್ನೋ ಬೇರೆ ರಾಸಾಯನಿಕದ ಕಡೆಗೇ ಈಗ ಜಾಸ್ತಿ ಜನ ಬೆರಳು ತೋರಿಸ್ತಾರೆ. ನಿಮಗೆ ಇದ್ರಿಂದ ಏನು ಅಂದ್ರೆ, ಮೊದಲ ದಿನಾನೇ ಖುಷಿ ಬರ್ಲಿಲ್ಲ ನನ್ನ ಮಿದುಳೇ ಕೆಟ್ಟಿದೆ ಅಂತ ಅಂದ್ಕೋಬೇಡಿ. ಆ ಕಿಕ್ ಎಲ್ರಿಗೂ ಬರಲ್ಲ, ಬರೋರಿಗೂ ದಿನಾ ಬರಲ್ಲ. ನಿದ್ದೆ ಚೆನ್ನಾಗಿ ಬರೋದು, ಹಗಲು ಒಂಚೂರು ಚುರುಕಾಗೋದು, ಹೇಳಿದ್ದನ್ನ ಮಾಡ್ದೆ ಅನ್ನೋ ನಂಬಿಕೆ ಬರೋದು, ಇವು ವಾರಗಟ್ಲೆ ತಗೊಳ್ಳುತ್ತೆ.

ವಾಕಿಂಗೇ ಆಗ್ಬೇಕು ಅಂತೇನಿಲ್ಲ. ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ 2024ರಲ್ಲಿ ಡಿಪ್ರೆಶನ್ ಮತ್ತೆ ವ್ಯಾಯಾಮದ 218 ಅಧ್ಯಯನ, ಒಟ್ಟು 14,170 ಜನರ ಲೆಕ್ಕ ಒಟ್ಟುಗೂಡಿಸಿ ನೋಡಿದ್ರು, ನಡಿಗೆ, ಜಾಗಿಂಗ್, ಯೋಗ, ತೂಕ ಎತ್ತೋದು ಎಲ್ಲವೂ ಚೆನ್ನಾಗೇ ಕೆಲಸ ಮಾಡಿದ್ವು. ಅದ್ರಲ್ಲೂ ಹೆಂಗಸರಿಗೆ ತೂಕ ಎತ್ತೋದು ಜಾಸ್ತಿ ಒಗ್ಗಿದಂಗೆ ಕಂಡಿತ್ತು. ಜಿಮ್ ಫೀಸ್ ಕಟ್ಟಿದೀರಲ್ಲ, ಹೋದಾಗ ಟ್ರೆಡ್‌ಮಿಲ್ ಕಡೆ ನೋಡ್ಬೇಡಿ, ಎರಡು ಡಂಬೆಲ್ ಎತ್ತಿಟ್ಟು ಹತ್ತು ನಿಮಿಷಕ್ಕೆ ಮನೆಗೆ ಬನ್ನಿ, ಯಾರೂ ಹಿಡ್ಕೊಳ್ಳಲ್ಲ.
(ಟ್ರೇನರ್)

ನಾ ಹೇಳೂದು ಆಕೀ ಮನಿಯವ್ರಿಗೆ. ನಮ್ಮ ಮನಿಯಾಕಿಗೂ ಹಿಂಗ ಆಗಿತ್ತ್ರಿ, ನಾನೂ ನಿಮ್ಮಂಗ ಏಳು, ಹೋಗು, ಅಡ್ಡಾಡು ಅಂತ ದಿನಾ ಒದರಾಡ್ತಿದ್ದೆ, ಆಕಿ ಇನ್ನೂ ಒಳಗ ಹೊಕ್ಕೊಂಡು ಕುಂಡ್ರಾಕಿ. ಒಂದಿನ ಡಾಕ್ಟ್ರ ಮುಂದ ಆಕಿ ಹೇಳಿದ್ಲು, ಇವ್ರ ಹೋಗು ಅಂದಾಗೊಮ್ಮೆ ಮನಿ ಬಿಟ್ಟು ಹೋಗು ಅಂದಂಗ ಕೇಳಿಸ್ತದ ಅಂತ. ನನಗ ಕರಳು ಚುರುಕ್ ಅಂತು. ಅವತ್ತಿಂದ ಹೋಗು ಅನ್ನೂದ ಬಿಟ್ಟೆ, ನಾ ಚಪ್ಪಲ್ ಹಾಕ್ಕೊಂಡು ಬಾಗಲದಾಗ ನಿಂತು ಬಾ ಹೋಗೂಣು ಅಂತಿದ್ದೆ, ಬರ್ಲಿಲ್ಲ ಅಂದ್ರ ಸಿಟ್ಟಿಲ್ದ ಚಪ್ಪಲ್ ಬಿಚ್ಚಿ ಒಳಗ ಬರ್ತಿದ್ದೆ. ನಾಕ ದಿನಕ್ಕೊಮ್ಮೆ ಬರ್ತಿದ್ಲು, ಆಮ್ಯಾಲ ಎರಡ ದಿನಕ್ಕೊಮ್ಮೆ. ದಾರ್ಯಾಗ ಮಾತಾಡಲಿಕ್ಕೇ ಬೇಕಂತಿಲ್ಲ, ಸುಮ್ನ ಜೋಡಿ ನಡದ್ರ ಆತು. ನಂದೂ ಬಿಪಿ ಇಳೀತ್ರಿ, ಅದೊಂದು ಬ್ಯಾರೆ ಲಾಭ.
(ಮನಿ ಯಜಮಾನ)

ಅಕ್ಕ, ನಂದು ಉಲ್ಟಾ ತಪ್ಪು. ಬ್ರೇಕಪ್ ಆದ್ಮೇಲೆ ಓಡೋಕೆ ಶುರು ಮಾಡ್ದೆ, ಹಿತ ಅನ್ನಿಸ್ತು, ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ, ವಾಚಲ್ಲಿ 10,000 ಹೆಜ್ಜೆ ಆಗದಿದ್ರೆ ರಾತ್ರಿ ಹನ್ನೊಂದಕ್ಕೆ ರೂಮಲ್ಲೇ ಸುತ್ತು ಹಾಕೋದು, ಜ್ವರ ಇದ್ರೂ ಬಿಡಲ್ಲ, ಕೊನೆಗೆ ಮೊಣಕಾಲು ಊದ್ಕೊಂಡು ಎರಡು ತಿಂಗಳು ಕೂತೆ ನೋಡಿ, ಆಗ ಒಳಗಿದ್ದಿದ್ದೆಲ್ಲ ಒಟ್ಟಿಗೆ ಬಂತು. ಆ 10,000 ಲೆಕ್ಕ ಎಲ್ಲಿಂದ ಬಂತು ಅಂತ ಆಮೇಲೆ ಓದ್ದೆ, ಜಪಾನಲ್ಲಿ 1965ರಲ್ಲಿ ಹೆಜ್ಜೆ ಎಣಿಸೋ ಯಂತ್ರ ಮಾರೋಕೆ ಇಟ್ಟ ಹೆಸರಂತೆ ಅದು! ಅದಕ್ಕೋಸ್ಕರ ನಾನು ಮಂಡಿ ಕೆಡಿಸ್ಕೊಂಡೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ್ದು, ಅಂದ್ರೆ ಮಾತಾಡ್ಬಹುದು ಆದ್ರೆ ಹಾಡೋಕಾಗಲ್ಲ ಅಷ್ಟು, ಜೊತೆಗೆ ಎರಡು ದಿನ ಸ್ನಾಯು ಗಟ್ಟಿ ಮಾಡೋದು. ಅದನ್ನೂ ಮೊದಲ ವಾರಕ್ಕೇ ಗುರಿ ಮಾಡ್ಕೋಬೇಡಿ, ಏನೂ ಮಾಡದಿರೋದಕ್ಕಿಂತ ಸ್ವಲ್ಪ ಆದ್ರೂ ಒಳ್ಳೇದು ಅಂತ ಅವರೇ ಬರ್ದಿದಾರೆ. ನಾರ್ವೆಯಲ್ಲಿ ಸುಮಾರು 34,000 ಜನರನ್ನ 11 ವರ್ಷ ಗಮನಿಸಿ ನೋಡಿದಾಗ ವಾರಕ್ಕೆ ಒಂದೇ ಒಂದು ಗಂಟೆ ಮೈ ಆಡಿಸೋರಿಗೂ ಮುಂದೆ ಡಿಪ್ರೆಶನ್ ಬರೋದು ಕಮ್ಮಿ ಇತ್ತು, ವಾರಕ್ಕೆ ಒಂದು ಗಂಟೆ ಅಂದ್ರೆ ದಿನಕ್ಕೆ ಒಂಬತ್ತು ನಿಮಿಷಾನೂ ಆಗಲ್ಲ.
(ಮಂಡಿ ನೋವಿನವನು)

ಒಂದು ದಿನ ತಪ್ಪಿದ್ರೆ ಎಲ್ಲ ಹೋಯ್ತು ಅಂತ ಬಿಟ್ಬಿಡೋದೇ ನಮ್ಮ ದೊಡ್ಡ ಕಾಯಿಲೆ, ನಾನು ಆರು ಸಲ ಹಾಗೆ ಬಿಟ್ಟಿದೀನಿ. ಅಭ್ಯಾಸ ಹೇಗೆ ಕೂರುತ್ತೆ ಅಂತ ಲಂಡನ್ನಿನ ಸಂಶೋಧಕರು ಒಂದು ಅಧ್ಯಯನ ಮಾಡಿದ್ರು, ಒಬ್ಬರಿಗೆ 18 ದಿನ ಸಾಕು, ಇನ್ನೊಬ್ಬರಿಗೆ 254 ದಿನ ಬೇಕಾಗಬಹುದು ಅಂತ ಲೆಕ್ಕ ಸಿಕ್ತು, ಮಧ್ಯೆ ಒಂದು ದಿನ ತಪ್ಪಿದ್ರೆ ಅಂಥ ಏನೂ ವ್ಯತ್ಯಾಸ ಆಗಲ್ಲ ಅಂತಾನೂ ಗೊತ್ತಾಯ್ತು. ನಾನು 254ರ ಕಡೆಯವಳು ಅಂತ ಮೊದ್ಲೇ ಒಪ್ಕೊಂಡು ಏಳನೇ ಸಲ ಶುರು ಮಾಡ್ದೆ, ನಡೀತಾ ಇದೆ.

ಅಂದಹಾಗೆ ಜಿಮ್‌ನವರ ಹತ್ರ ಮೆಂಬರ್‌ಶಿಪ್ ಫ್ರೀಜ್ ಮಾಡಿಸೋಕಾಗುತ್ತಾ ಕೇಳಿ, ಡಾಕ್ಟ್ರ ಚೀಟಿ ತೋರಿಸಿದ್ರೆ ಕೆಲವು ಕಡೆ ಮಾಡ್ಕೊಡ್ತಾರೆ. ಕಟ್ಟಿದ ದುಡ್ಡು ಹೋಗ್ತಿದೆ ಅನ್ನೋ ಚಿಂತೆ ಒಂದಾದ್ರೂ ಕಮ್ಮಿ ಆಗ್ಲಿ.
(ಏಳನೇ ಸಲದವಳು)